ಘಾಟಿ ಹತ್ತುವ ಜೀಪಿಗೆ ಎಂಥ ಬ್ಯಾಟರಿ ಹಾಕಬೇಕು?

ಜೀಪಿಗೆ ಬ್ಯಾಟರಿ ತೆಗೆದುಕೊಳ್ಳಲಿಕ್ಕೆ ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು ಎರಡೇ ಪ್ರಶ್ನೆ. ಎಷ್ಟು ಆಂಪಿಯರ್, ಎಷ್ಟು ವರ್ಷ ವಾರಂಟಿ? ಪೇಟೆಯಲ್ಲಿ ಓಡುವ ಕಾರಿಗೆ ಅಷ್ಟು ಸಾಕು. ಕೊಲ್ಲೂರಿನಿಂದ ಕೊಡಚಾದ್ರಿಗೆ ಜನ ಹೇರಿಕೊಂಡು ಹೋಗುವ ಗಾಡಿಗೆ, ಬೇಸಾಯದ ಸಾಮಾನು ತುಂಬಿಕೊಂಡು ಕಾಡು ದಾರಿಯಲ್ಲಿ ಏರುವ ಗಾಡಿಗೆ ಅದು ಸಾಲುವುದಿಲ್ಲ. ನಾನು ಕುಂದಾಪುರದಲ್ಲಿ ಗಾಡಿಗಳ ವಯರಿಂಗ್ ಕೆಲಸ ಮಾಡುವವ. ಹೆಮ್ಮಾಡಿ, ವಂಡ್ಸೆ, ಕೊಲ್ಲೂರು ಕಡೆಯ ಜೀಪುಗಳೇ ನನ್ನಲ್ಲಿಗೆ ಹೆಚ್ಚು ಬರುವುದು. ನಮ್ಮ ಕಡೆ ಇಂಥ ಗಾಡಿಯ ಬ್ಯಾಟರಿಯನ್ನು ಕೊಲ್ಲುವುದು ಕುಲುಕಾಟ, ಬಿಸಿ, ಉಪ್ಪುಗಾಳಿ, ಈ ಮೂರು. ಆರಿಸುವಾಗ ಯೋಚನೆ ಮಾಡಬೇಕಾದದ್ದೂ ಇದೇ ಕ್ರಮದಲ್ಲಿ.

ಕುಲುಕಾಟದಿಂದ ಹೋದ ಬ್ಯಾಟರಿಯ ಗುರುತು ಗೊತ್ತಿದ್ದರೆ ಆಯ್ಕೆ ಸುಲಭ. ಒಳಗೆ ಆರು ಸೆಲ್ಲು ಉಂಟು, ಒಂದೊಂದರದ್ದು ಸುಮಾರು 2.1 ವೋಲ್ಟ್. ಪ್ರತಿ ಸೆಲ್ಲಿನಲ್ಲಿ ಸೀಸದ ಜಾಲರಿ, ಅದಕ್ಕೆ ಮೆತ್ತಿದ ಪೇಸ್ಟು. ಪ್ಲೇಟು ಎನ್ನುವುದು ಇದನ್ನೇ. ಕಲ್ಲುದಾರಿಯಲ್ಲಿ ಗಾಡಿ ಕುಣಿದಷ್ಟೂ ಆ ಪೇಸ್ಟು ಉದುರಿ ತಳಕ್ಕೆ ಇಳಿಯುತ್ತದೆ. ಮುಚ್ಚಳ ತೆಗೆದು, ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ನಿಂದ ಎಳೆದರೆ ಆ ಸೆಲ್ಲಿನ ಆಸಿಡ್ ತಿಳಿಯಾಗಿರುವುದಿಲ್ಲ, ಕಂದು ಬಣ್ಣದ ಗಸಿ ಮೇಲೆ ಬರುತ್ತದೆ. ಐದು ಸೆಲ್ಲು 1.250ರ ಆಸುಪಾಸು ತೋರಿಸಿ ಒಂದು ಮಾತ್ರ 1.150ಕ್ಕೆ ಬಿದ್ದಿದ್ದರೆ ಆ ಬ್ಯಾಟರಿಗೆ ಚಾರ್ಜ್ ಹಾಕಿ ಪ್ರಯೋಜನವಿಲ್ಲ. ತಳದ ಗಸಿ ಪ್ಲೇಟಿಗೆ ತಾಗಿ ಒಂದು ಸೆಲ್ಲು ಪೂರ್ತಿ ಶಾರ್ಟ್ ಆದರೆ 12.6 ಇರಬೇಕಾದಲ್ಲಿ ಮೀಟರು 10.5 ತೋರಿಸುತ್ತದೆ. ಇನ್ನೊಂದು ಬಗೆ ಉಂಟು, ಅದು ಜನರನ್ನು ತುಂಬ ಗೊಂದಲಕ್ಕೆ ಹಾಕುತ್ತದೆ. ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತದೆ, ಹಾರ್ನ್ ಕೂಗುತ್ತದೆ, ಸೆಲ್ಫ್ ಒತ್ತಿದ ಕೂಡಲೇ ಎಲ್ಲವೂ ಆರಿಹೋಗುತ್ತದೆ. ಟರ್ಮಿನಲ್ ಸಡಿಲ ಇಲ್ಲ ಎಂದಾದರೆ, ಒಳಗೆ ಸೆಲ್ಲಿಂದ ಸೆಲ್ಲಿಗೆ ಹೋಗುವ ಸೀಸದ ಪಟ್ಟಿ ಬಿರುಕು ಬಿಟ್ಟಿದೆ ಎಂದೇ ಲೆಕ್ಕ.

ಹಾಗಾಗಿ ಬ್ಯಾಟರಿ ಅಂಗಡಿಗೆ ಹೋಗುವ ಮೊದಲು ಬಾನೆಟ್ ಎತ್ತಿ ಟ್ರೇ ನೋಡಿ. ಹಳೆಯ ಬ್ಯಾಟರಿಯನ್ನು ಎರಡೂ ಕೈಯಿಂದ ಹಿಡಿದು ಜೋರಾಗಿ ಅಲ್ಲಾಡಿಸಿ. ಬ್ಯಾಟರಿ ಅಲ್ಲಾಡಿದರೆ ಇಡೀ ಗಾಡಿ ಅಲ್ಲಾಡಬೇಕು, ಬ್ಯಾಟರಿ ಮಾತ್ರ ಅಲ್ಲಾಡಬಾರದು. ನಮ್ಮಲ್ಲಿಗೆ ಬರುವ ಗಾಡಿಗಳಲ್ಲಿ ಟ್ರೇಯ ಮೂಲೆ ತುಕ್ಕು ತಿಂದು ತೂತಾಗಿರುವುದು, ಕ್ಲ್ಯಾಂಪಿನ ಜೆ-ಬೋಲ್ಟ್ ತುಂಡಾಗಿ ಆ ಜಾಗಕ್ಕೆ ಸೈಕಲ್ ಟ್ಯೂಬು ಬಿಗಿದಿರುವುದು ತೀರಾ ಸಾಮಾನ್ಯ. 70 ಎ.ಎಚ್. (ಆಂಪಿಯರ್-ಅವರ್) ಬ್ಯಾಟರಿ ಹದಿನೇಳು ಹದಿನೆಂಟು ಕೆ.ಜಿ. ತೂಗುತ್ತದೆ ಮಾರಾಯ್ರೆ, ಅದನ್ನು ಟ್ಯೂಬು ಹಿಡಿದುಕೊಳ್ಳುತ್ತದಾ? ಪ್ರತಿ ಗುಂಡಿಗೂ ಅದು ಮೇಲೆದ್ದು ಟ್ರೇಗೆ ಬಡಿಯುತ್ತದೆ. ಟ್ರೇ ವೆಲ್ಡಿಂಗ್ ಮಾಡಿಸಿ, ಪೇಂಟ್ ಹೊಡೆಸಿ, ತಳಕ್ಕೆ ತೆಳ್ಳಗಿನ ರಬ್ಬರ್ ಶೀಟು ಹಾಸಿ, ಮೇಲಿನಿಂದ ಕಬ್ಬಿಣದ ಪಟ್ಟಿ ಕೂರಿಸಿ ಎರಡು ಕಡೆ ಲಾಕ್ ನಟ್ ಹಾಕಿಸಿ. ರಬ್ಬರ್ ದಪ್ಪಗಿರುವುದು ಬೇಡ. ದಪ್ಪ ಫೋಮ್ ಹಾಕಿದರೆ ಬ್ಯಾಟರಿ ಅದರ ಮೇಲೆ ಇನ್ನಷ್ಟು ಕುಣಿಯುತ್ತದೆ. ಇದನ್ನು ಮಾಡಿಸದೆ ಎಷ್ಟು ಬೆಲೆಯ ಬ್ಯಾಟರಿ ಹಾಕಿದರೂ ದುಡ್ಡು ದಂಡ.

ಈಗ ಜಾತಿಯ ವಿಷಯ. ಮುಚ್ಚಳ ತೆಗೆದು ಡಿಸ್ಟಿಲ್ ವಾಟರ್ ಹಾಕುವ ಸಾಮಾನ್ಯ ಬ್ಯಾಟರಿ, ಜನ ಡ್ರೈ ಬ್ಯಾಟರಿ ಎನ್ನುವ ನೀರು ಹಾಕದ ಬ್ಯಾಟರಿ, ಸಾಮಾನ್ಯದ್ದನ್ನೇ ಸುಧಾರಿಸಿ ಮಾಡಿದ ಇ.ಎಫ್.ಬಿ., ಎ.ಜಿ.ಎಂ. ಹೀಗೆ ನಾಲ್ಕು ಸಿಗುತ್ತವೆ. ಡ್ರೈ ಎಂದರೂ ಅದರೊಳಗೆ ಇರುವುದು ಆಸಿಡ್ಡೇ. ಪ್ಲೇಟಿನ ಸೀಸಕ್ಕೆ ಕ್ಯಾಲ್ಸಿಯಂ ಬೆರೆಸಿರುವುದರಿಂದ ನೀರು ಬಹಳ ನಿಧಾನಕ್ಕೆ ಆರುತ್ತದೆ, ಅಷ್ಟೆ. ಕುಲುಕಾಟಕ್ಕೆ ನಿಜವಾಗಿ ಹೇಳಿಮಾಡಿಸಿದ್ದು ಎ.ಜಿ.ಎಂ. ಅದರಲ್ಲಿ ಪ್ಲೇಟುಗಳ ನಡುವೆ ಗಾಜಿನ ನೂಲಿನ ಹಾಸು ಇಟ್ಟು ಒತ್ತಿ ತುಂಬಿರುತ್ತಾರೆ. ಆಸಿಡ್ ಎಲ್ಲ ಆ ಹಾಸಿನಲ್ಲೇ ಹೀರಿಕೊಂಡಿರುತ್ತದೆ. ಬಿಗಿಯಾಗಿ ಕಟ್ಟಿದ ಅಕ್ಕಿ ಮುಡಿಯೊಳಗಿನ ಅಕ್ಕಿಯ ಹಾಗೆ, ಒಳಗೆ ಯಾವುದೂ ಅಲುಗುವುದಿಲ್ಲ. ಗಾಡಿ ಎಷ್ಟು ಓರೆಯಾದರೂ ಆಸಿಡ್ ಚೆಲ್ಲಿ ಟ್ರೇ ತಿನ್ನುವುದಿಲ್ಲ. ಬೆಲೆ ಮಾತ್ರ ಸಾಮಾನ್ಯದ್ದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ.

ಆದರೆ ಎ.ಜಿ.ಎಂ. ಎಲ್ಲ ಗಾಡಿಗೂ ಹೊಂದುವುದಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿ, ಸ್ವಲ್ಪ ರೇಸ್ ಕೊಟ್ಟು, ಟರ್ಮಿನಲ್‌ಗೆ ಮೀಟರ್ ಹಿಡಿಯಿರಿ. 13.8ರಿಂದ 14.6 ವೋಲ್ಟ್ ಒಳಗೆ ನಿಂತರೆ ಧೈರ್ಯವಾಗಿ ಹಾಕಬಹುದು. ಹಳೆಯ ಜೀಪುಗಳಲ್ಲಿ ಚಾರ್ಜಿಂಗ್ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟು 15 ದಾಟುವುದುಂಟು. ಅಂಥ ಗಾಡಿಗೆ ಎ.ಜಿ.ಎಂ. ಹಾಕಿದರೆ ಒಳಗಿನ ನೀರು ಆರಿಹೋಗುತ್ತದೆ, ಮತ್ತೆ ತುಂಬಲಿಕ್ಕೆ ಮುಚ್ಚಳವೇ ಇಲ್ಲ. ಮೊದಲು ರೆಗ್ಯುಲೇಟರ್ ಬದಲಿಸಿ, ಆಮೇಲೆ ಬ್ಯಾಟರಿ. ಅಷ್ಟು ಖರ್ಚು ಬೇಡ ಎನ್ನುವವರಿಗೆ ಮುಚ್ಚಳ ಇರುವ ದಪ್ಪ ಪ್ಲೇಟಿನ ಬ್ಯಾಟರಿಯೇ ಒಳ್ಳೆಯದು. ಗಾಡಿ ನಿಂತಾಗ ಎಂಜಿನ್ ತಾನಾಗಿ ಆಫ್ ಆಗುವ ಸ್ಟಾರ್ಟ್-ಸ್ಟಾಪ್ ಇರುವ ಹೊಸ ಗಾಡಿಯಾದರೆ ಕಂಪನಿಯಿಂದ ಬಂದದ್ದು ಇ.ಎಫ್.ಬಿ.ಯೋ ಎ.ಜಿ.ಎಂ.ಓ ನೋಡಿ. ಅದಕ್ಕಿಂತ ಕೆಳಗಿನ ಜಾತಿಗೆ ಇಳಿಯಬೇಡಿ.

ಲೇಬಲ್ಲಿನಲ್ಲಿ ಎಲ್ಲರೂ ದೊಡ್ಡದಾಗಿ ಮುದ್ರಿಸುವುದು ಸಿ.ಸಿ.ಎ. ಸಂಖ್ಯೆ, ಎಂದರೆ ಚಳಿಯಲ್ಲಿ ಎಂಜಿನ್ ಸ್ಟಾರ್ಟ್ ಮಾಡಲಿಕ್ಕೆ ಬ್ಯಾಟರಿ ಕೊಡಬಲ್ಲ ಕರೆಂಟು. ಅದನ್ನು ಅಳೆಯುವುದು ಮೈನಸ್ 18 ಡಿಗ್ರಿ ಚಳಿಯಲ್ಲಿ. ನಮ್ಮ ಊರಿಗೆ ಆ ಚಳಿ ಬರುವುದೇ ಇಲ್ಲ. ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟು ಸಿ.ಸಿ.ಎ. ಇದ್ದರೆ ಆಯಿತು. ಅದಕ್ಕಿಂತ ಮೇಲೆ ಹೋಗಲಿಕ್ಕೆ ದುಡ್ಡು ಸುರಿಯಬೇಡಿ. ಒಂದೇ ಅಳತೆಯ ಡಬ್ಬದಲ್ಲಿ ಸಿ.ಸಿ.ಎ. ಹೆಚ್ಚಿಸಬೇಕಾದರೆ ತೆಳುವಾದ ಪ್ಲೇಟುಗಳನ್ನು ಹೆಚ್ಚು ಸೇರಿಸಬೇಕಾಗುತ್ತದೆ. ಮಾಮೂಲಿ ಬ್ಯಾಟರಿಯಲ್ಲಿ ತೆಳು ಪ್ಲೇಟು ಕುಲುಕಾಟಕ್ಕೆ ಬೇಗ ಸೋಲುತ್ತದೆ. ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು ರಿಸರ್ವ್ ಕೆಪಾಸಿಟಿ. ಗಾಡಿ ಓಡುವಾಗ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಕೈಕೊಟ್ಟಾಗ 25 ಆಂಪಿಯರ್ ಎಳೆದರೆ ವೋಲ್ಟೇಜ್ 10.5ಕ್ಕೆ ಇಳಿಯುವವರೆಗೆ ಎಷ್ಟು ನಿಮಿಷ ಬಾಳುತ್ತದೆ ಎನ್ನುವ ಲೆಕ್ಕ ಅದು. ರಾತ್ರಿ ಮಳೆಯಲ್ಲಿ ವೈಪರ್, ಲೈಟು ಎರಡೂ ಹಾಕಿಕೊಂಡು ಆಗುಂಬೆ ಘಾಟಿ ಇಳಿಯುವವನಿಗೆ ಆ ನಿಮಿಷಗಳ ಬೆಲೆ ಗೊತ್ತು. ಯುರೋಪಿನ ಮಾನದಂಡದಂತೆ ಗುರುತು ಹಾಕಿದ ಬ್ಯಾಟರಿ ಸಿಕ್ಕಿದರೆ ವಿ1ರಿಂದ ವಿ4ರವರೆಗೆ ಒಂದು ಗುರುತು ಇರುತ್ತದೆ, ಅದು ಕುಲುಕಾಟ ತಡೆಯುವ ದರ್ಜೆ. ವಿ3, ವಿ4 ನಮಗೆ ಬೇಕಾದದ್ದು. ಗುರುತು ಇಲ್ಲದಿದ್ದರೆ ಒಂದೇ ಅಳತೆಯ, ಒಂದೇ ಜಾತಿಯ ಎರಡು ಬ್ಯಾಟರಿಯನ್ನು ಕೈಯಲ್ಲಿ ಎತ್ತಿ ನೋಡಿ. ಭಾರ ಹೆಚ್ಚಿರುವುದರಲ್ಲಿ ಸಾಮಾನ್ಯವಾಗಿ ಸೀಸವೂ ಹೆಚ್ಚು.

ಬಿಸಿಯ ವಿಷಯಕ್ಕೆ ಬಂದರೆ, ಬ್ಯಾಟರಿಯ ಉಷ್ಣತೆ ಸುಮಾರು 10 ಡಿಗ್ರಿ ಏರಿದರೆ ಆಯುಷ್ಯ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ ಎನ್ನುವುದು ಈ ಕಸುಬಿನ ಲೆಕ್ಕ. ಒಂದನೇ ಗೇರಿನಲ್ಲಿ ಗಂಟೆಗಟ್ಟಲೆ ಏರುವಾಗ ಬಾನೆಟ್ ಒಳಗೆ ಗಾಳಿಯೇ ಆಡುವುದಿಲ್ಲ. ಎಗ್ಸಾಸ್ಟ್ ಮತ್ತು ಬ್ಯಾಟರಿ ನಡುವೆ ಒಂದು ತಗಡಿನ ಮರೆ ಕಟ್ಟಿಸಿ.

ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ವಿಂಚ್ ಇದ್ದವರು ಇನ್ನೊಂದು ಲೆಕ್ಕ ಹಾಕಬೇಕು. ಪೂರ್ಣ ಭಾರ ಎಳೆಯುವಾಗ ದೊಡ್ಡ ವಿಂಚ್ 400 ಆಂಪಿಯರ್ ಆಸುಪಾಸು ತಿನ್ನುತ್ತದೆ. 90 ಆಂಪಿಯರಿನ ಆಲ್ಟರ್ನೇಟರ್ ಅದರ ಕಾಲು ಭಾಗವನ್ನೂ ಕೊಡುವುದಿಲ್ಲ, ಉಳಿದದ್ದು ಬ್ಯಾಟರಿಯಿಂದಲೇ ಹೋಗಬೇಕು. ಎಂಜಿನ್ ಓಡುತ್ತಿರುವಾಗಲೇ ಎಳೆಯಿರಿ, ನಡುನಡುವೆ ನಿಲ್ಲಿಸಿ. ಫ್ರಿಜ್ಜು, ಕ್ಯಾಂಪ್ ಲೈಟು ಇದ್ದರೆ ಅವಕ್ಕೆ, ಎರಡು ಬ್ಯಾಟರಿಯನ್ನು ಬೇರ್ಪಡಿಸುವ ಐಸೊಲೇಟರ್ ಹಾಕಿ ಬೇರೆಯೇ ಬ್ಯಾಟರಿ ಇಡಿ. ಆ ಎರಡನೆಯದ್ದು ಲಿಥಿಯಂ ಆದರೂ ಆದೀತು, ಆದರೆ ಸೀಟಿನ ಹಿಂದೆ ಇರಲಿ, ಎಂಜಿನ್ ಪಕ್ಕದಲ್ಲಿ ಬೇಡ.

ಅಳತೆ ತಪ್ಪಬಾರದು. ಜಪಾನಿ ಅಳತೆಯದ್ದಕ್ಕೆ ಟರ್ಮಿನಲ್ ಮೇಲೆ ಎದ್ದಿರುತ್ತದೆ, ಕ್ಲ್ಯಾಂಪು ಮೇಲಿನಿಂದ. ಡಿನ್ (ಜರ್ಮನ್ ಅಳತೆಯ) ಬ್ಯಾಟರಿಯ ಟರ್ಮಿನಲ್ ತಗ್ಗಿನಲ್ಲಿ ಇರುತ್ತದೆ, ಬುಡದ ಅಂಚನ್ನು ಹಿಡಿಯುವ ಕ್ಲ್ಯಾಂಪು. 65ಡಿ31 ಎಂದು ಬರೆದಿದ್ದರೆ ಉದ್ದ ಸುಮಾರು 31 ಸೆಂ.ಮೀ. ಕೊನೆಯ ಆರ್ ಅಥವಾ ಎಲ್ ಅಕ್ಷರ ಟರ್ಮಿನಲ್ ಯಾವ ಕಡೆಗೆ ಎಂದು ಹೇಳುತ್ತದೆ. ಹಳೆಯದರಲ್ಲಿ ಇದ್ದ ಅಕ್ಷರವನ್ನೇ ಕೇಳಿ ತನ್ನಿ. ಇಲ್ಲದಿದ್ದರೆ ಕೇಬಲ್ ಎಳೆದು ಕಟ್ಟಬೇಕಾಗುತ್ತದೆ. ಬಾನೆಟ್ ಹಾಕಿದಾಗ ಪ್ಲಸ್ ಟರ್ಮಿನಲ್ಲಿಗೆ ತಗಡು ತಾಗುತ್ತದಾ ಎಂದೂ ನೋಡಿಕೊಳ್ಳಿ.

ಅಂಗಡಿಯಲ್ಲಿ ತಯಾರಾದ ತಿಂಗಳು ಕೇಳಿ, ನಿಮ್ಮ ಮೀಟರಿನಿಂದಲೇ ವೋಲ್ಟೇಜ್ ಹಿಡಿಯಿರಿ. 12.4ಕ್ಕಿಂತ ಕೆಳಗಿದ್ದರೆ ಅದು ಕಪಾಟಿನಲ್ಲಿ ತುಂಬ ದಿನ ಕೂತದ್ದು, ಬೇರೆ ಕೊಡಿ ಎನ್ನಿ. ವಾರಂಟಿಯಲ್ಲಿ ಪೂರ್ತಿ ಉಚಿತ ಬದಲಾವಣೆ ಎಷ್ಟು ತಿಂಗಳು, ಬಳಸಿದ ಕಾಲಕ್ಕೆ ತಕ್ಕಂತೆ ಬೆಲೆಯಲ್ಲಿ ಕಳೆದುಕೊಡುವ ಪ್ರೊರಾಟಾ ಎಷ್ಟು ತಿಂಗಳು, ಹಳದಿ ಬೋರ್ಡಿನ ಬಾಡಿಗೆ ಗಾಡಿಗೆ ಎಷ್ಟು ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ಕೂರಿಸುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಬಿಚ್ಚುವಾಗ ತಿರುಗಾಮುರುಗಾ. ಎಂಜಿನ್‌ನಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿಯನ್ನು ಬಿಚ್ಚಿ ಉಜ್ಜಿ ಹಾಕಿ. ಸಮುದ್ರದ ಗಾಳಿಗೆ ಅದರಡಿ ಹಸಿರು ಹಿಡಿದಿರುತ್ತದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಮೈನಸ್ಸಿಗೂ ಎಂಜಿನ್ ಬ್ಲಾಕಿಗೂ ಮೀಟರ್ ಹಿಡಿದರೆ 0.3 ವೋಲ್ಟಿಗಿಂತ ಕಡಿಮೆ ಬರಬೇಕು. ಹೆಚ್ಚು ಬಂದರೆ ತೊಂದರೆ ಅರ್ಥಿನ ದಾರಿಯಲ್ಲಿ ಉಂಟು, ಒಳ್ಳೆಯ ಬ್ಯಾಟರಿಯನ್ನು ಬೈದು ಫಲವಿಲ್ಲ. ಟರ್ಮಿನಲ್ ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಬಿಳಿ ಪುಡಿ ಎದ್ದರೆ ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತೊಳೆಯಿರಿ, ಮುಚ್ಚಳ ಇರುವ ಬ್ಯಾಟರಿಯಾದರೆ ಸೋಡಾ ನೀರು ಒಳಗೆ ಹೋಗದಂತೆ ನೋಡಿಕೊಳ್ಳಿ.

ಮಳೆಗಾಲದಲ್ಲಿ ಗಾಡಿ ಶೆಡ್ಡಿನಲ್ಲೇ ನಿಲ್ಲುವುದಾದರೆ ಮೈನಸ್ ಕೇಬಲ್ ಬಿಚ್ಚಿಡಿ. ಅಲಾರಂ, ಗಡಿಯಾರ, ಜಿ.ಪಿ.ಎಸ್. ಸೇರಿ 50 ಮಿಲಿ ಆಂಪಿಯರ್ ಎಳೆದರೂ ದಿನಕ್ಕೆ 1.2 ಎ.ಎಚ್., ತಿಂಗಳಿಗೆ 36 ಆಯಿತು. 70ರ ಬ್ಯಾಟರಿ ಅಲ್ಲಿಗೆ ಅರ್ಧ ಖಾಲಿ. ಖಾಲಿಯಾಗಿ ಕೂತಷ್ಟು ದಿನ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತಾ ಹೋಗುತ್ತದೆ. ಹಳೆಯ ಬ್ಯಾಟರಿಯನ್ನು ಗುಜರಿಯವನಿಗೆ ಕೊಡುವ ಬದಲು ಹೊಸದು ಕೊಂಡ ಅಂಗಡಿಗೇ ಕೊಟ್ಟು ಬೆಲೆಯಲ್ಲಿ ಕಳೆಯಲಿಕ್ಕೆ ಹೇಳಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯ ಬ್ಯಾಟರಿಯನ್ನು ವಾಪಸು ಸಂಗ್ರಹಿಸುವ ಹೊಣೆ ತಯಾರಕರದ್ದೇ. ಅದರ ಆಸಿಡ್ಡನ್ನು ತೋಟದ ಬದಿಗೆ ಚೆಲ್ಲಿಸಬೇಡಿ.