ಉಕ್ತಲೇಖನ ತಂದುಕೊಟ್ಟ ಎಂಟೂವರೆ ಬ್ಯಾಂಡ್

ಇಂಗ್ಲಿಷ್ ಪ್ರಾವೀಣ್ಯ ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಯ ಲಿಸನಿಂಗ್ (ಆಲಿಸುವ) ವಿಭಾಗಕ್ಕೆ ಉಕ್ತಲೇಖನ (ಕೇಳಿದ್ದನ್ನು ಪದ ಬಿಡದೆ ಬರೆಯುವುದು) ಬರೆದು ತಯಾರಾಗುತ್ತಿದ್ದೇನೆ ಎಂದಾಗ ಜೊತೆಯಲ್ಲಿ ಓದುತ್ತಿದ್ದವರೆಲ್ಲ ಬೇಡವೆಂದೇ ಹೇಳಿದರು. ‘ಪರೀಕ್ಷೆಯಲ್ಲಿ ಕೇಳುವುದು ಖಾಲಿ ಜಾಗಕ್ಕೆ ಒಂದೆರಡು ಪದ. ಇಡೀ ವಾಕ್ಯ ಬರೆದು ಏನು ಪ್ರಯೋಜನ? ಆ ಹೊತ್ತಿನಲ್ಲಿ ಇನ್ನೊಂದು ಅಣಕು ಪರೀಕ್ಷೆ ಮುಗಿಸಬಹುದಲ್ಲ’ ಎಂಬುದು ಅವರ ವಾದ. 6.5ರಿಂದ ಅಲುಗಾಡದಿದ್ದ ನನ್ನ ಬ್ಯಾಂಡ್, ಅಂದರೆ 9ಕ್ಕೆ ಕೊಡುವ ಅಂಕ, ಕೊನೆಗೆ 8.5ಕ್ಕೆ ಏರಿತು. ಅಂದು ಬೇಡವೆಂದವರಲ್ಲಿ ಕೆಲವರು ಈಗ ಇದೇ ದಾರಿ ಹಿಡಿದಿದ್ದಾರೆ. ಇದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆಯಿದೆ.

ಮೊದಲು ದುಡ್ಡಿನ ಲೆಕ್ಕ. ತರಬೇತಿ ಕೇಂದ್ರವೊಂದಕ್ಕೆ ಪರೀಕ್ಷಾ ಶುಲ್ಕದ ಹೆಚ್ಚುಕಡಿಮೆ ಎರಡು ಪಟ್ಟು ಕಟ್ಟಿದೆ. ಅಲ್ಲಿ ನಡೆಯುತ್ತಿದ್ದದ್ದು ಇಷ್ಟೇ: ಆಡಿಯೊ ಹಾಕುವುದು, ಉತ್ತರ ಓದಿ ಹೇಳುವುದು, ಮುಂದಿನ ಪರೀಕ್ಷೆಗೆ ಹೋಗುವುದು. ತಪ್ಪಿದ ಪದ ಯಾಕೆ ತಪ್ಪಿತು ಎಂದು ಯಾರೂ ಕೇಳುತ್ತಿರಲಿಲ್ಲ. ಆಮೇಲೆ ಒಂದು ಆ್ಯಪ್‌ನ ಚಂದಾ. ಅದಾದ ಮೇಲೆ ಹೊರಗಿನ ಸದ್ದು ತಡೆಯುವ ದುಬಾರಿ ಹೆಡ್‌ಫೋನ್. ಅದರಲ್ಲಿ ಕೇಳಿದರೂ ಅಂಕ ಒಂದೂ ಏರಲಿಲ್ಲ. ಇವೆಲ್ಲದರ ಮೇಲೆ ಮರುಪರೀಕ್ಷೆಯ ಪೂರ್ತಿ ಶುಲ್ಕ. ಈಗ ಕಂಪ್ಯೂಟರ್‌ನಲ್ಲಿ ಪರೀಕ್ಷೆ ಬರೆದವರಿಗೆ, ಸೌಲಭ್ಯ ಇರುವ ಕೇಂದ್ರಗಳಲ್ಲಿ, 60 ದಿನಗಳೊಳಗೆ ಒಂದೇ ವಿಭಾಗವನ್ನು ಮತ್ತೆ ಬರೆಯುವ ಅವಕಾಶ ಇದೆ. ಒಂದೇ ವಿಭಾಗದಲ್ಲಿ ಎಡವಿದವರು ಮೊದಲು ಇದನ್ನು ವಿಚಾರಿಸಿಕೊಳ್ಳಿ. ಕೊನೆಗೆ ಕೈಹಿಡಿದ ವಿಧಾನಕ್ಕೆ ನನಗೆ ಬೇಕಾದದ್ದು ಒಂದು ದಪ್ಪ ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಆಡಿಯೊ ತುಣುಕನ್ನು ಮತ್ತೆ ಮತ್ತೆ ಹಾಕಿ ಕೇಳಲು ಆಡಾಸಿಟಿ ಎಂಬ ಉಚಿತ ತಂತ್ರಾಂಶ. ಅಷ್ಟೇ.

ಲಿಸನಿಂಗ್‌ನ 40 ಪ್ರಶ್ನೆಗಳಲ್ಲಿ ಸುಮಾರು 30 ಸರಿಯಾದರೆ ಬ್ಯಾಂಡ್ 7, 35 ಸರಿಯಾದರೆ 8. ಅಣಕು ಪರೀಕ್ಷೆಗಳಲ್ಲಿ ನಾನು 26ರಿಂದ 28ರ ನಡುವೆ ಸುತ್ತುತ್ತಿದ್ದೆ. ಎಷ್ಟು ಬರೆದರೂ ಅದೇ ಅಂಕ. ಅಣಕು ಪರೀಕ್ಷೆ ಅಳೆಯುತ್ತದೆ, ಕಲಿಸುವುದಿಲ್ಲ ಎಂಬುದು ಈಗ ನನ್ನ ಗಟ್ಟಿ ಅಭಿಪ್ರಾಯ.

ಕೇಂಬ್ರಿಜ್‌ನ ಹಳೆಯ ಪ್ರಶ್ನೆಪತ್ರಿಕೆ ಪುಸ್ತಕದ ಆಡಿಯೊದಲ್ಲಿ ಅರ್ಧ ನಿಮಿಷದ ತುಣುಕನ್ನು ಆರಿಸಿಕೊಂಡು, ಅದನ್ನೇ ಮತ್ತೆ ಮತ್ತೆ ಹಾಕಿ, ಕೇಳಿದ್ದನ್ನೆಲ್ಲ ಕಪ್ಪು ಪೆನ್ನಿನಲ್ಲಿ ಬರೆಯುತ್ತಿದ್ದೆ. ಎಂಟು ಹತ್ತು ಸಲ ಕೇಳಿಯೂ ಸಿಗದ ಕಡೆ ಗೆರೆ ಎಳೆದು ಬಿಡುತ್ತಿದ್ದೆ. ಆಮೇಲೆ ಪುಸ್ತಕದ ಹಿಂದಿರುವ ಪಠ್ಯ ನೋಡಿ, ತಪ್ಪಿದ್ದನ್ನು ಕೆಂಪಿನಲ್ಲಿ ತುಂಬುವುದು. ಆರಂಭದಲ್ಲಿ ನಾಲ್ಕರಲ್ಲೊಂದು ಪದ ಕೆಂಪಾಗುತ್ತಿತ್ತು. ಅಣಕು ಪರೀಕ್ಷೆಯಲ್ಲಿ ಊಹೆಯ ಮರೆಯಲ್ಲಿ ಅಡಗಿದ್ದ ಕಿವುಡುತನವೆಲ್ಲ ಕಾಗದದ ಮೇಲೆ ಬಂತು.

ಒಂದು ಮಾದರಿ ಕೊಡುತ್ತೇನೆ. ‘ದ ಟೂರ್ ನಾರ್ಮಲಿ ಸ್ಟಾರ್ಟ್ಸ್ ಅಟ್ ಟೆನ್, ಬಟ್ ಇಟ್ಸ್ ಬೀನ್ ಪುಟ್ ಬ್ಯಾಕ್ ಆ್ಯನ್ ಅವರ್’ ಎಂಬಂಥ ವಾಕ್ಯ. ಕಿವಿಗೆ ಬೀಳುವುದು ‘ಟೆನ್’. ಬಾಲದ ತುದಿ ‘ಪುಬ್ಬ್ಯಾಕನವರ್’ ಎಂದು ಒಂದೇ ಉಸಿರಿನಲ್ಲಿ ಕರಗಿಹೋಗುತ್ತದೆ. ಹತ್ತು ಎಂದು ಬರೆದರೆ ಅಂಕ ಹೋಯಿತು. ‘ಪುಟ್ ಬ್ಯಾಕ್’ ಎಂದರೆ ಮುಂದೂಡಿದ್ದಾರೆ ಎಂದರ್ಥ, ಹಾಗಾಗಿ ಸರಿಯುತ್ತರ ಹನ್ನೊಂದು. ‘ಪುಟ್’ನ ಕೊನೆಯ ಟಕಾರ ಮುಂದಿನ ಬಕಾರದಲ್ಲಿ ಮುಳುಗುತ್ತದೆ, ‘ಬ್ಯಾಕ್’ನ ಕಕಾರ ಮುಂದಿನ ಸ್ವರಕ್ಕೆ ಅಂಟಿಕೊಳ್ಳುತ್ತದೆ. ಈ ಪದಗಳೆಲ್ಲ ನನಗೆ ಗೊತ್ತಿದ್ದವೇ. ಹೀಗೆ ಬೆಸೆದುಕೊಂಡು ಬಂದಾಗ ಮಾತ್ರ ಗುರುತು ಸಿಗುತ್ತಿರಲಿಲ್ಲ.

ಕೆಂಪು ಶಾಯಿಯ ಪುಟಗಳನ್ನು ತಿರುವಿಹಾಕಿದಾಗ ಇನ್ನೊಂದು ಸಂಗತಿ ಕಂಡಿತು. ಕನ್ನಡದ ಕಿವಿ ಪದದ ಕೊನೆಯಲ್ಲಿ ಸ್ವರವನ್ನು ನಿರೀಕ್ಷಿಸುತ್ತದೆ. ಬಸ್ಸು, ಕಾರು, ಪೆನ್ನು ಎಂದು ನಾವು ಉಕಾರ ಸೇರಿಸಿಕೊಂಡೇ ಆಡುವವರು. ಇಂಗ್ಲಿಷಿನಲ್ಲಿ ವ್ಯಂಜನವೇ ಕೊನೆಯಾದಾಗ, ಅದರಲ್ಲೂ ಬಹುವಚನದ ಸಕಾರ ಬಂದಾಗ, ನನ್ನ ಕಿವಿ ಅದನ್ನು ಬಿಟ್ಟುಬಿಡುತ್ತಿತ್ತು. ‘ಟಿಕೆಟ್ಸ್’ ಇರುವಲ್ಲಿ ‘ಟಿಕೆಟ್’ ಎಂದು ಬರೆದರೆ ಉತ್ತರ ತಪ್ಪು. ನೆನಪಿರುವಂತೆ ಕಳೆದುಕೊಂಡ ಅಂಕಗಳಲ್ಲಿ ಮೂರನೆಯ ಒಂದು ಪಾಲು ಇಂಥವೇ. ಇದಕ್ಕಾಗಿ ಪ್ರತಿ ಉತ್ತರದ ಹಿಂದೆ ‘ಎ’, ‘ಸಮ್’ ಅಥವಾ ಸಂಖ್ಯೆ ಇದೆಯೇ ಎಂದು ನೋಡುವುದನ್ನು ರೂಢಿಸಿಕೊಂಡೆ. ಕಿವಿ ಸಕಾರವನ್ನು ಬಿಟ್ಟರೂ ವ್ಯಾಕರಣ ಹಿಡಿದುಕೊಡುತ್ತದೆ.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಆಡಿಯೊದ ವೇಗವನ್ನು ಮುಕ್ಕಾಲಿಗೆ ಇಳಿಸಿ ಕೇಳಿದರೆ ಹಾಯೆನಿಸುತ್ತದೆ, ಆದರೆ ಪದಗಳ ಬೆಸುಗೆ ಎಳೆದಾಡಿದಂತಾಗಿ ಅಭ್ಯಾಸವೇ ಹಾಳು. ಕಾಲು ಪಾಲು ಹೆಚ್ಚಿಸಿದ್ದು ಫಲ ಕೊಟ್ಟಿತು. ಪರೀಕ್ಷೆಯ ಸಹಜ ವೇಗ ಆಮೇಲೆ ನಿಧಾನ ಎನಿಸುತ್ತಿತ್ತು. ಅಡಿಬರಹ ಹಾಕಿಕೊಂಡು ಸಿನಿಮಾ ನೋಡುವುದು ಓದುವ ಅಭ್ಯಾಸವೇ ಹೊರತು ಕೇಳುವ ಅಭ್ಯಾಸವಲ್ಲ. ಆಸ್ಟ್ರೇಲಿಯಾದ ಉಚ್ಚಾರಣೆಗೆ ಅಲ್ಲಿನ ರೇಡಿಯೊ ಸುದ್ದಿಯನ್ನು ಕೆಲವು ವಾರ ಕೇಳಿದೆ. ಅವರ ‘ಎ’ ನಮಗೆ ‘ಐ’ ಎಂದೇ ಕೇಳಿಸುತ್ತದೆ. ಮೊದಲ ಭಾಗದಲ್ಲಿ ಹೆಸರಿನ ಅಕ್ಷರಗಳನ್ನು ಬಿಡಿಸಿ ಹೇಳುವಾಗ ಇದು ದೊಡ್ಡ ಹೊಡೆತ ಕೊಡುತ್ತದೆ. ಪಿಟಿಇ ಎಂಬ ಇನ್ನೊಂದು ಇಂಗ್ಲಿಷ್ ಪರೀಕ್ಷೆ ಬರೆಯಲಿದ್ದ ಗೆಳತಿಯೊಬ್ಬರಿಗೂ ಉಕ್ತಲೇಖನ ಹಿಡಿಸಿದೆ. ಅಲ್ಲಿ ಕೇಳಿದ ವಾಕ್ಯವನ್ನು ಬರೆಯುವ ಪ್ರಶ್ನೆಯೇ ಇದೆ, ಸರಿಯಾದ ಪದಪದಕ್ಕೂ ಅಂಕ. ನನಗಿಂತ ಬೇಗ ಅವರಿಗೆ ಫಲ ಸಿಕ್ಕಿತು.

ಮೂರನೆಯ ಭಾಗದಲ್ಲಿ ವಿದ್ಯಾರ್ಥಿಗಳು ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪುತ್ತ, ತಿದ್ದುತ್ತ ಹೋಗುವಾಗ ನಾನು ಅಂಚಿನಲ್ಲಿ ಹಾಕಿಕೊಳ್ಳುವ ಗುರುತುಗಳಿವೆ. ನನ್ನ ಬ್ಯಾಂಡ್ 8 ದಾಟಿದ್ದು ಅವುಗಳಿಂದಲೇ. ಅವನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ನನ್ನೊಡನೆ ಕುಳಿತು ಅಭ್ಯಾಸ ಮಾಡುವವರಿಗೆ ಅವು ಮೀಸಲು.

ಉಕ್ತಲೇಖನಕ್ಕೆ ಒಂದು ಅಡ್ಡಪರಿಣಾಮವೂ ಉಂಟು. ಮತ್ತೆ ಕೇಳಿದರಾಯಿತು ಎಂಬ ಸಲಿಗೆ ಕಿವಿಗೆ ಬಂದುಬಿಡುತ್ತದೆ. ಪರೀಕ್ಷೆಯಲ್ಲಿ ಆಡಿಯೊ ಒಂದೇ ಸಲ. ಆದ್ದರಿಂದ ಪರೀಕ್ಷೆಗೆ ಹತ್ತು ದಿನ ಇರುವಾಗ ನೋಟ್‌ಬುಕ್ ಮುಚ್ಚಿಟ್ಟು, ಎಲ್ಲೂ ನಿಲ್ಲಿಸದೆ ಪೂರ್ತಿ ಅರ್ಧ ಗಂಟೆಯ ಪರೀಕ್ಷೆಗಳನ್ನಷ್ಟೇ ಬರೆಯಿರಿ. ಒಂದು ಉತ್ತರ ತಪ್ಪಿದರೆ ಅದನ್ನು ಅಲ್ಲೇ ಬಿಟ್ಟು ಮುಂದಿನ ಪ್ರಶ್ನೆಗೆ ಕಣ್ಣು ಹಾಯಿಸಬೇಕು, ಇಲ್ಲವಾದರೆ ಅದರ ಹಿಂದೆಯೇ ಇನ್ನೆರಡು ಹೋಗುತ್ತವೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಖಾಲಿ ಬಿಟ್ಟಲ್ಲೆಲ್ಲ ಕೊನೆಗೆ ಊಹಿಸಿ ಬರೆಯಿರಿ. ಕಾಗದದ ಪರೀಕ್ಷೆ ಇರುವ ಕಡೆ ಉತ್ತರ ನಕಲು ಮಾಡಿಕೊಳ್ಳಲು 10 ನಿಮಿಷ ಸಿಗುತ್ತದೆ. ಕಂಪ್ಯೂಟರ್‌ನಲ್ಲಿ ಪರಿಶೀಲನೆಗೆ ಸಿಗುವುದು 2 ನಿಮಿಷ ಮಾತ್ರ, ಆ ಎರಡನ್ನೂ ನಾನು ಕಾಗುಣಿತಕ್ಕೇ ಕೊಟ್ಟೆ.