ಹೊರಗಿನವರನ್ನ ಮನಿಗೆ ಕರೆಯೋದು ಹೆಂಗ?

ಭಾನುವಾರ ಚರ್ಚಿನ ಆರಾಧನೆಗೆ ಹೊಸಬರು ಬಂದ್ರ ಕೈಮುಗಿದು "ಸ್ತೋತ್ರ" ಅಂತೀವಿ, ಹಿಂದಿನ ಬೆಂಚ್ ತೋರಿಸ್ತೀವಿ, ಅಲ್ಲಿಗೆ ಮುಗೀತು. ಅತಿಥಿ ಸತ್ಕಾರ ಅಂದ್ರ ಅಷ್ಟೇ ಅಲ್ರಿ, ಮನಿ ಬಾಗಿಲು ತೆಗೀಬೇಕು, ಒಲಿ ಮ್ಯಾಲ ಇನ್ನೊಂದೆರಡು ಹಿಡಿ ಅಕ್ಕಿ ಜಾಸ್ತಿ ಬೀಳಬೇಕು.

ಯಾರನ್ನ ಕರೀಬೇಕು ಅಂತ ನಮ್ಮ ಕಡೆ ಹುಡುಕೋದೇ ಬ್ಯಾಡ. ತೋರಣಗಲ್ಲಿನ ಉಕ್ಕಿನ ಕಾರ್ಖಾನಿಗೆ ಬಿಹಾರ, ಒಡಿಶಾದಿಂದ ಬಂದು ಒಂದೇ ರೂಮಿನಾಗ ಐದಾರು ಜನ ಇರೋ ಹುಡುಗ್ರು, ಗಂಗಾವತಿ ರೈಸ್‌ಮಿಲ್ ಕೆಲಸಕ್ಕ ಬಂದವರು, ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ನೆಲೆಸಿದ ಸಿಂಧನೂರಿನ ಬಂಗಾಳಿ ಕ್ಯಾಂಪಿನವರು (ಇಲ್ಲೇ ಹುಟ್ಟಿ ಬೆಳೆದ ಮಕ್ಕಳನ್ನೂ ನಾವು ಇನ್ನೂ ಕ್ಯಾಂಪಿನವರು ಅಂತನೇ ಕರೀತೀವಿ), ಬಳ್ಳಾರಿ ದೊಡ್ಡಾಸ್ಪತ್ರಿ ವರಾಂಡದಾಗ ಚಾಪಿ ಹಾಸಿ ಮಲಗೋ ರಾಯದುರ್ಗ ಕಡೆಯ ಪೇಷಂಟ್ ಮಂದಿ. ಬೈಬಲಿನ ಯಾಜಕಕಾಂಡ 19:34 ಓದ್ರಿ, ನಿಮ್ಮ ನಡುವೆ ಇರೋ ಪರದೇಶದವನನ್ನ ನಿಮ್ಮಂಗ ಪ್ರೀತಿಸ್ರಿ, ನೀವೂ ಐಗುಪ್ತದಾಗ (ಈಜಿಪ್ಟಿನಾಗ) ಪರದೇಶದವರೇ ಆಗಿದ್ರಿ ಅಂತ ಇಸ್ರಾಯೇಲ್ಯರಿಗೆ ದೇವರೇ ಹೇಳ್ತಾನ. 1810ರಲ್ಲಿ ಲಂಡನ್ ಮಿಷನ್‌ನ ಮಿಷನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದಾಗ ಅವರೂ ಹೊರಗಿನವರೇ, ಇಲ್ಲೇ ಇದ್ದು ಕನ್ನಡ ಕಲಿತು ಬೈಬಲ್ ಅನುವಾದಕ್ಕ ಕೈ ಹಚ್ಚಿದ್ರು. ಈ ಊರು ಅವತ್ತು ಜಾಗ ಕೊಟ್ಟಿತ್ತು, ಈಗ ಕೊಡೋ ಪಾಳಿ ನಮ್ದು.

ಕರೆಯೋವಾಗ "ಯಾವಾಗರ ಬರ್ರಿ" ಅನ್ನಬ್ಯಾಡ್ರಿ, ಹಂಗ ಕರೆದ್ರ ಯಾರೂ ಬರಂಗಿಲ್ಲ. "ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಊಟಕ್ಕ ಬರ್ರಿ, ನಾನೇ ಬಂದು ಕರ್ಕೊಂಡು ಹೋಗ್ತೀನಿ" ಅನ್ರಿ. ಕಾರ್ಖಾನಿ ಹುಡುಗ್ರಿಗೆ ಶಿಫ್ಟ್ ಕೇಳಿ ಟೈಮ್ ಇಡ್ರಿ. ಏನು ತಿಂತಾರ ಅಂತ ಮೊದಲೇ ಕೇಳ್ರಿ, ಗೊತ್ತಾಗಲಿಲ್ಲಂದ್ರ ಅನ್ನ, ಬ್ಯಾಳಿ, ರೊಟ್ಟಿ, ಒಂದು ಪಲ್ಯ, ಶೇಂಗಾ ಚಟ್ನಿ ಸಾಕು. ಮುಸ್ಲಿಮರು ಬರೋದಿದ್ರ ಮಾಂಸದ ಚಿಂತಿನೇ ಬ್ಯಾಡ, ಕಾಯಿಪಲ್ಯ ಮಾಡ್ರಿ. ರಂಜಾನ್ ತಿಂಗಳಾದ್ರ ಸಂಜಿ ಉಪವಾಸ ಬಿಡೋ ಹೊತ್ತಿಗೆ ಕರೀರಿ.

ಈಗ ನನಗ ಎಲ್ಲಕ್ಕಿಂತ ಮುಖ್ಯ ಅನ್ನಿಸೋ ಮಾತು, ತಾಟು ಲೋಟದ ಮಾತು. ನಮ್ಮ ಜಿಲ್ಲೆಗಳ ಎಷ್ಟೋ ಹಳ್ಳಿಯ ಚಾದ ಅಂಗಡಿಯೊಳಗ ಕೆಲವರಿಗೆ ಬ್ಯಾರೆ ಲೋಟ ಇಟ್ಟಿದ್ದನ್ನ ನಮ್ಮ ಸಭೆಯ ಹಿರಿಯರೇ ಕಣ್ಣಾರೆ ಕಂಡವರು, ಆ ಲೋಟದಾಗ ಕುಡಿದವರೂ ನಮ್ಮೊಳಗೇ ಅದಾರ, ಹಂಗಿರೋವಾಗ ನಮ್ಮ ಮನಿಗೆ ಬಂದವರಿಗೆ ಪೇಪರ್ ಪ್ಲೇಟ್ ಕೊಟ್ಟು ನಾವು ಸ್ಟೀಲ್ ತಾಟಿನಾಗ ಉಂಡ್ರ ಅವರಿಗೆ ಅರ್ಥ ಆಗಂಗಿಲ್ಲ ಅಂತೀರೇನು? ಎಲ್ಲರಿಗೂ ಒಂದೇ ಥರ ತಾಟು ಇಡ್ರಿ. ಅವರಿಗೆ ಬಡಿಸಿ ನೀವು ದೂರ ನಿಂತು ನೋಡಬ್ಯಾಡ್ರಿ, ಅವರ ಪಕ್ಕದಾಗೇ ಚಾಪಿ ಮ್ಯಾಲ ಕುಂತು ಉಣ್ರಿ, ಅದೇ ಬುಟ್ಟಿಯ ರೊಟ್ಟಿ ಮುರೀರಿ. ಉಂಡ ಮ್ಯಾಲ ಕೆಲವರು ತಾಟು ತಾವೇ ತೊಳೆಯಾಕ ಎದ್ದು ನಿಲ್ತಾರ, ಎಲ್ಲೋ ಯಾರೋ ಅವರಿಗೆ ಹಂಗ ಕಲಿಸಿರ್ತಾರ. ಕೈಯಿಂದ ತಾಟು ತಗೊಂಡು "ಕುಂದ್ರಿ, ಚಾ ಆಗಾಕತ್ತೈತಿ" ಅನ್ರಿ. ಇಲ್ಲಿ "ನಿಮ್ಮ ಮಂದಿ ಯಾರು" ಅಂತ ಜಾತಿ ಕೇಳಲೇಬಾರದು. ಹೆಸರು, ಊರು, ಮನ್ಯಾಗ ಯಾರ್ಯಾರು ಅದಾರ, ಅಷ್ಟು ಸಾಕು.

ಪ್ರಾರ್ಥನಿ ಬಗ್ಗೆ: ಊಟಕ್ಕ ಮುಂಚೆ ನಮ್ಮ ರೂಢಿ ಹಿಂಗೈತಿ ಅಂತ ಹೇಳಿ ಸಣ್ಣದಾಗಿ ಮಾಡ್ರಿ. ಅವರಿಗಾಗಿ ಪ್ರಾರ್ಥನಿ ಮಾಡಬೇಕು ಅನ್ನಿಸಿದ್ರ ಕೇಳಿ ಮಾಡ್ರಿ, ಬ್ಯಾಡ ಅಂದ್ರ ಬಿಡ್ರಿ. ಊಟ ಹಾಕಿ ಆಮ್ಯಾಲ ಕರಪತ್ರ ಕೈಗಿಡೋದು, ಮುಂದಿನ ವಾರ ಚರ್ಚಿಗೆ ಬರಲಿಲ್ಲಂತ ಮುಖ ತಿರುಗಿಸೋದು, ಇದು ಪ್ರೀತಿ ಅಲ್ಲ, ವ್ಯಾಪಾರ. ಲೂಕ 14ರಲ್ಲಿ ಯೇಸು ಹೇಳಿದ್ದೇ ಇದು, ತಿರುಗಿ ಕೊಡಲಾರದವರನ್ನ ಊಟಕ್ಕ ಕರೀರಿ ಅಂತ. ಅವರು ಎಂದೂ ನಮ್ಮ ಸಭೆಗೆ ಬರದಿದ್ರೂ ಹತ್ತನೇ ಸಲದ ಊಟ ಮೊದಲನೇದರಷ್ಟೇ ಬಿಸಿ ಇರಬೇಕು.

ಕೆಲವರು ಕ್ರೈಸ್ತರ ಮನ್ಯಾಗ ಉಣ್ಣಂಗಿಲ್ಲ. ಬ್ಯಾಸರ ಮಾಡ್ಕೋಬ್ಯಾಡ್ರಿ, ಬಾಳೆಹಣ್ಣು, ಎಳನೀರು ಕೊಡ್ರಿ.

ಆಸ್ಪತ್ರಿಯವರಿಗೆ ಊಟಕ್ಕಿಂತ ಬ್ಯಾರೆದೇ ಬೇಕಿರ್ತೈತಿ. ಫ್ಲಾಸ್ಕಿಗೆ ಬಿಸಿನೀರು, ಫೋನ್ ಚಾರ್ಜ್, ಹೆಣ್ಮಕ್ಕಳಿಗೆ ಸ್ನಾನಕ್ಕ ಒಂದು ಬಚ್ಚಲು, ತೆಲುಗು ಮಾತ್ರ ಬರೋರಿಗೆ ಡಾಕ್ಟರ್ ಬರೆದ ಚೀಟಿ ತಿಳಿಸಿ ಹೇಳೋರು. ಬೇಸಿಗಿ ಬಿಸಿಲು ನಲವತ್ತು ಡಿಗ್ರಿ ದಾಟಿದಾಗ ಒಂದು ತಂಬಿಗಿ ತಂಪು ಮಜ್ಜಿಗಿ ಒಯ್ದು ಕೊಟ್ರೂ ದೊಡ್ಡದು.

ಹುಷಾರಿಯೂ ಬೇಕು. ಗುರುತಿಲ್ಲದವರನ್ನ ರಾತ್ರಿ ಮಲಗಿಸೋದು, ಅದೂ ಮನ್ಯಾಗ ಹೆಣ್ಮಕ್ಕಳಷ್ಟೇ ಇದ್ದಾಗ, ಬ್ಯಾಡ. ಪಾಸ್ಟರಿಗೆ ಫೋನ್ ಮಾಡ್ರಿ, ಸಭೆಯವರು ಸೇರಿ ಲಾಡ್ಜ್ ದುಡ್ಡು ಕೊಡ್ರಿ. ಮೊದಲಿನ ಸಭೆಗಳಿಗೂ ಇಂಥಾ ಕಟ್ಟಳಿ ಇತ್ತು, ದಿದಖೆ ಅನ್ನೋ ಹಳೇ ಬರಹದಾಗ ಹಾದಿಹೋಕರು ಎರಡು ಮೂರು ದಿನ ಇರಬಹುದು, ಅಲ್ಲೇ ನೆಲೆ ನಿಲ್ಲೋದಾದ್ರ ಕೆಲಸ ಮಾಡಿ ಉಣ್ಣಬೇಕು ಅಂತ ಐತಿ.

ಮತ್ತ ನಿಮ್ಮ ಮನ್ಯಾಗ ಉಂಡವರು ತಮ್ಮ ರೂಮಿಗೆ ಕರೆದ್ರ ಹೋಗಲೇಬೇಕು. ಯೇಸು, ಮಂದಿ ಪಾಪಿ ಅಂತಿದ್ದ ಸುಂಕದವ ಜಕ್ಕಾಯನ ಮನಿಗೆ ತಾನೇ ಹೊಂಟವನು, ಶಿಷ್ಯರಿಗೂ ಮುಂದಿಟ್ಟದ್ದನ್ನ ಉಣ್ರಿ ಅಂದವನು. ಅವರ ಸಾಸಿವಿ ಎಣ್ಣಿ ವಾಸನಿ ನಿಮಗ ಹೊಸದಿರಬಹುದು. ಮುಖ ಗಂಟು ಹಾಕದೆ ಉಣ್ರಿ, ಇನ್ನೊಂದು ಸ್ವಲ್ಪ ಹಾಕ್ರಿ ಅಂತ ಕೇಳಿ ಹಾಕಿಸ್ಕೊಳ್ರಿ.