ಟೀ ಲೋಟದ ಗಾತ್ರದ ಮರ

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಿ ಬಂದ ದಿನವೇ ನನಗೆ ಬೋನ್ಸಾಯ್, ಅಂದರೆ ಕುಂಡದಲ್ಲೇ ಮರವನ್ನು ಪುಟ್ಟದಾಗಿ ಬೆಳೆಸುವ ಹುಚ್ಚು ಹತ್ತಿತು. ಬರುವ ದಾರಿಯಲ್ಲೇ ಒಂದು ನರ್ಸರಿಗೆ ನುಗ್ಗಿ, ಅಂಗೈಯಲ್ಲಿ ಹಿಡಿಸುವ ಪಿಂಗಾಣಿ ಕುಂಡದಲ್ಲಿದ್ದ, ಆಲದ ಜಾತಿಯ ಪುಟ್ಟ ಫೈಕಸ್ ತಂದೆ. ಚಂದ ಕಾಣಲಿ ಅಂತ ಟಿವಿ ಪಕ್ಕ ಇಟ್ಟೆ. ತಿಂಗಳೊಳಗೆ ಎಲೆಯೆಲ್ಲ ಉದುರಿ ಕಡ್ಡಿ ಉಳಿಯಿತು. ಕಿತ್ತು ನೋಡಿದರೆ ಒಳಗೆ ಬರೀ ಕೆಂಪು ಮಣ್ಣು, ಇಟ್ಟಿಗೆ ಥರ ಗಟ್ಟಿ. ತಳದ ಬೇರು ಕೊಳೆತು ವಾಸನೆ ಬರುತ್ತಿತ್ತು. ಬಿಸಿಲಲ್ಲಿ ಇರಬೇಕಾದ ಮರವನ್ನು ಸುಮ್ನೆ ಶೋಕೇಸಿಗೆ ಸೇರಿಸಿದ್ದೆ.

ಎರಡನೇ ಸಲ ದುಡ್ಡು ಹಾಕಲಿಲ್ಲ. ಪಕ್ಕದ ಮನೆಯವರ ಕಾಂಪೌಂಡಿನಲ್ಲಿದ್ದ ಜೇಡ್ ಗಿಡದಿಂದ ಪೆನ್ಸಿಲ್ ದಪ್ಪದ ಒಂದು ಕೊಂಬೆ ಕೇಳಿ ತಂದೆ. ಇದು ದಕ್ಷಿಣ ಆಫ್ರಿಕಾ ಕಡೆಯ ಗಿಡ, ಎಲೆಯಲ್ಲೇ ನೀರು ತುಂಬಿಕೊಂಡಿರುತ್ತದೆ. ಒಂದೆರಡು ದಿನ ಮರೆತರೂ ಸಾಯುವುದಿಲ್ಲ. ಎಲೆಯೂ ಚಿಕ್ಕದು. ಆಲ, ಅರಳಿ ಹಾಕಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಅಂಗೈ ಅಗಲದ ಎಲೆ ನಾಲ್ಕು ಬಂದರೆ ಪುಟ್ಟ ಮರವೇ ಮುಚ್ಚಿಹೋಗುತ್ತೆ, ಅಲ್ವಾ? ಕೊಂಬೆಯನ್ನು ನಾಲ್ಕು ದಿನ ನೆರಳಲ್ಲಿ ಒಣಗಿಸಿ, ಕತ್ತರಿಸಿದ ಬಾಯಿ ಆರಿದ ಮೇಲೆ ನೆಟ್ಟೆ.

ನೆಟ್ಟಿದ್ದು ಹಳೇ ಪೇಂಟ್ ಬಕೆಟ್ಟಿನಲ್ಲಿ. ಚಿಕ್ಕ ಮರ ಬೇಕೆಂದು ಚಿಕ್ಕ ಕುಂಡದಲ್ಲೇ ಶುರು ಮಾಡಿದರೆ ಕಾಂಡ ದಪ್ಪವಾಗುವುದೇ ಇಲ್ಲ, ವರ್ಷಗಟ್ಟಲೆ ಸಸಿಯಾಗಿಯೇ ಉಳಿಯುತ್ತದೆ. ಹಾಗಾಗಿ 3 ವರ್ಷ ಮನಸ್ಸಿಗೆ ಬಂದಷ್ಟು ಬೆಳೆಯಲು ಬಿಟ್ಟೆ. ಆಮೇಲೆ ಬುಡದಿಂದ 2 ಇಂಚು ಬಿಟ್ಟು ಮೇಲಿನದೆಲ್ಲ ಕತ್ತರಿಸಿದೆ. ಅಮ್ಮ ನೋಡಿ, "ಪಾಪ, ಚೆನ್ನಾಗಿ ಬೆಳೀತಿತ್ತಲ್ಲೋ, ಯಾಕೋ ಹಿಂಸೆ?" ಅಂದರು. ಎರಡೇ ವಾರಕ್ಕೆ ಬೋಳು ಕಾಂಡದ ಮೇಲೆ ಕೆಂಪು ಚುಕ್ಕಿಗಳ ಹಾಗೆ ಚಿಗುರು ಒಡೆಯಿತು.

ಮಣ್ಣಿನ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ಒಡೆದ ಇಟ್ಟಿಗೆ ಕುಟ್ಟಿ ಎರಡು ಜರಡಿ ಹಿಡಿಯುತ್ತೇನೆ. ದಪ್ಪ ಚೂರು ಮೇಲೆ ನಿಲ್ಲಬೇಕು, ಧೂಳೆಲ್ಲ ಕೆಳಗೆ ಬೀಳಬೇಕು. ನಡುವೆ ಸಿಗುವ ಸಾಸಿವೆಯಿಂದ ಕಡಲೆಕಾಳಿನವರೆಗಿನ ಚೂರು ಮೂರು ಪಾಲು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಒಂದು ಪಾಲು. ನೀರು ಹಾಕಿದರೆ ಮೇಲೆ ನಿಲ್ಲದೆ ಸರ್ರನೆ ಇಳಿಯಬೇಕು. ಆ ಧೂಳು ಉಳಿದರೆ ಮತ್ತೆ ನನ್ನ ಫೈಕಸ್ ಕಥೆಯೇ.

ಜಪಾನಿನಲ್ಲಿ ಸುಮಾರು 20 ಸೆಂಟಿಮೀಟರಿನೊಳಗಿನ ಮರಕ್ಕೆ ಶೋಹಿನ್ ಅನ್ನುತ್ತಾರೆ. ಇನ್ನೂ ಚಿಕ್ಕದು ಮಾಮೆ. ಆ ಮಾತಿಗೆ ಕಾಳು ಅಂತ ಅರ್ಥ, ನಮ್ಮ ಅವರೆಕಾಳು ಇದ್ದ ಹಾಗೆ. ಮಾಮೆ ಕುಂಡಕ್ಕೆ ಹಿಡಿಸುವುದು ಒಂದು ಹಿಡಿ ಮಣ್ಣು. ಏಪ್ರಿಲ್ ಬಿಸಿಲಿಗೆ ಅದು ಮಧ್ಯಾಹ್ನದೊಳಗೆ ಒಣಗುತ್ತದೆ. ಒಮ್ಮೆ ಎರಡು ದಿನದ ಮದುವೆಗೆ ಹೋಗಿ ಬರುವಷ್ಟರಲ್ಲಿ ಕಾಮಿನಿ ಗಿಡವೊಂದು ಗರಿಗರಿ ಆಗಿತ್ತು. ಈಗ ಅಗಲದ ತಟ್ಟೆಯಲ್ಲಿ ಒದ್ದೆ ಮರಳು ಹರಡಿ, ಕುಂಡಗಳನ್ನು ಅದರ ಮೇಲೆ ಕೂರಿಸುತ್ತೇನೆ. ಜೇಡ್‌ಗೆ ಮಾತ್ರ ಈ ಉಪಚಾರ ಬೇಡ, ಕೊಳೆತುಹೋಗುತ್ತೆ.

ಕೊಂಬೆಯನ್ನು ಬೇಕಾದ ಕಡೆ ಬಗ್ಗಿಸಲು ತಂತಿ ಸುತ್ತುವುದು ಅಷ್ಟೇನೂ ಕಷ್ಟವಲ್ಲ, ಅಲ್ಯೂಮಿನಿಯಂ ತಂತಿ ಸಾಕು. ಬಿಚ್ಚುವುದನ್ನು ಮರೆತರೆ ಮಾತ್ರ ತೊಗಟೆಯೊಳಗೆ ಇಳಿಯುತ್ತದೆ. ನನ್ನ ಜೇಡ್‌ನ ಎಡಗೊಂಬೆಯಲ್ಲಿ ಆ ಸುರುಳಿ ಗುರುತು ಇನ್ನೂ ಇದೆ. ಬರುವವರಿಗೆ ಕಾಣದ ಹಾಗೆ ಆ ಕಡೆ ಗೋಡೆಗೆ ತಿರುಗಿಸಿ ಇಟ್ಟಿದ್ದೇನೆ.

ಈಗ ಅದರ ಎತ್ತರ 5 ಇಂಚು, ಬುಡ ನನ್ನ ಹೆಬ್ಬೆರಳಿಗಿಂತ ದಪ್ಪ. ಕತ್ತರಿಸಿದ ತುಂಡು ಬಿಸಾಡಲು ಅಮ್ಮ ಬಿಡುವುದಿಲ್ಲ. ಎಣ್ಣೆ ಕ್ಯಾನ್ ಅರ್ಧ ಮಾಡಿ ಎಲ್ಲವನ್ನೂ ನೆಡುತ್ತಾರೆ. ಟೆರೇಸಿನ ಮೇಲೆ ಅವರ ಜೇಡ್‌ಗಳೇ 14 ಆಗಿವೆ, ಒಂದಕ್ಕೂ ಕತ್ತರಿ ಮುಟ್ಟಿಸುವಂತಿಲ್ಲ.